ಮುಕ್ಕಾಲು ಮೂರು ವೀಸ

'ಊರಿನ ಮುಕ್ಕಾಲು ಮೂರುಪಾಲು ಜನ ಜಾತ್ರೆಗೆ ಹೋಗಿದ್ದರು' ಎಂದು ಬರೆಯುವವರು ನಮ್ಮಲ್ಲಿ ಇಂದಿಗೂ ಇದ್ದಾರೆ. ನಾನೂ ಬರೆದದ್ದುಂಟು. ಹೆಚ್ಚುಕಡಮೆ ಎಲ್ಲರೂ ಎಂಬುದು ಇದರ ತಾತ್ಪರ್ಯವೆಂದು ಓದುವವರು ತಿಳಿದುಕೊಳ್ಳುತ್ತಾರೆ. ಬರೆದವನೂ ಅಷ್ಟನ್ನೇ ಉದ್ದೇಶಿಸಿರುತ್ತಾನೆ. ಆದರೆ ಮಾತನ್ನು ಬಿಡಿಸಿ ನೋಡಹೊರಟರೆ ಲೆಕ್ಕ ಕೈಗೆ ಸಿಕ್ಕುವುದಿಲ್ಲ. ಮುಕ್ಕಾಲು ಎಂದರೆ ನಾಲ್ಕರಲ್ಲಿ ಮೂರು. ಅದರ ಬೆನ್ನಿಗೆ ಬಂದ ಮೂರು ಪಾಲು ಯಾವುದರ ಪಾಲು? ನುಡಿಗಟ್ಟನ್ನು ಹೀಗೆಲ್ಲ ಪ್ರಶ್ನಿಸಬಾರದು, ಅದು ಮಾತಿನ ಬೆಡಗು ಎಂದು ಪಂಡಿತರು ಹೇಳಿಯಾರು. ನಮ್ಮ ಮನೆಯಲ್ಲಿ ಮಾತ್ರ ಆ ಪ್ರಶ್ನೆಯನ್ನು ಕೇಳಲೇಬೇಕಾದ ಪ್ರಸಂಗವೊಂದು ಒದಗಿತು.

ನಮ್ಮೂರು ತುಮಕೂರು ಸೀಮೆಯದು. ನಮ್ಮ ತಾತ ತಮ್ಮ ದೊಡ್ಡಪ್ಪನ ಮಗನಿಂದ ೮೦೦ ರೂಪಾಯಿ ಕೈಸಾಲ ತೆಗೆದುಕೊಂಡಿದ್ದರಂತೆ. ಅಣ್ಣತಮ್ಮಂದಿರ ನಡುವಿನ ವ್ಯವಹಾರವಾದ್ದರಿಂದ ಬಡ್ಡಿಯಿಲ್ಲ, ಪತ್ರವಿಲ್ಲ. ೧೯೩೮ರಲ್ಲಿ ತಾತ ಆ ಅಣ್ಣನಿಗೆ ಬರೆದ ಕಾಗದವೊಂದರಲ್ಲಿ, ಸಾಲದ ಮುಕ್ಕಾಲು ಮೂರು ವೀಸ ಸಂದಾಯವಾಗಿದೆಯೆಂದೂ ಮಿಕ್ಕದ್ದನ್ನು ಸುಗ್ಗಿಗೆ ಕೊಡುವುದಾಗಿಯೂ ಇತ್ತು. ಆ ಸುಗ್ಗಿಯ ಹೊತ್ತಿಗೆ ತಾತ ತೀರಿಕೊಂಡರು. ದೊಡ್ಡಮನೆಯ ಹಳೆಯ ಪೆಟ್ಟಿಗೆಯಲ್ಲಿ ಆ ಕಾಗದ ಸಿಕ್ಕಿದ್ದು ೧೯೭೨ರಲ್ಲಿ. ಆಗ ಬರೆದವರೂ ಇರಲಿಲ್ಲ, ಬರೆಸಿಕೊಂಡವರೂ ಇರಲಿಲ್ಲ.

ದೊಡ್ಡಮನೆಯವರು ಕಾಗದವನ್ನು ಓದಿ, ಮುಕ್ಕಾಲು ಸಂದಿದೆ, ಕಾಲುಭಾಗ ಎಂದರೆ ೨೦೦ ರೂಪಾಯಿ ಬರಬೇಕು ಎಂದರು. ನಮ್ಮ ತಂದೆ, ಅದು ಮಾತಿನ ರೂಢಿ, ತೀರಿದಂತೆಯೇ ಎಂದು ಅರ್ಥ, ಚಿಲ್ಲರೆ ಏನಾದರೂ ಉಳಿದಿದ್ದರೆ ಉಳಿದಿರಬಹುದು ಎಂದರು. ಮೂವತ್ತನಾಲ್ಕು ವರ್ಷದ ಹಿಂದಿನ ಸಾಲಕ್ಕೆ ಯಾರೂ ಕೋರ್ಟಿಗೆ ಹೋಗುವಂತಿರಲಿಲ್ಲ, ಪ್ರಶ್ನೆ ಮಾನದ್ದು. ಸತ್ತವರು ಸಾಲಗಾರರಾಗಿ ಸತ್ತರೆಂದು ಒಂದು ಮನೆಯವರೂ, ಸಾಲವನ್ನು ಮಾತಿನಲ್ಲಿ ತೇಲಿಸಿಬಿಟ್ಟರೆಂದು ಇನ್ನೊಂದು ಮನೆಯವರೂ ನೊಂದುಕೊಂಡರು. ಒಂದು ವರ್ಷ ಹಬ್ಬದ ಊಟಕ್ಕೆ ಅವರು ನಮ್ಮಲ್ಲಿಗೆ ಬರಲಿಲ್ಲ, ನಾವು ಅವರಲ್ಲಿಗೆ ಹೋಗಲಿಲ್ಲ. ಹುಡುಗನಾಗಿದ್ದ ನನಗೆ ಅದರಲ್ಲಿ ತಿಳಿದದ್ದು ಹೋಳಿಗೆ ತಪ್ಪಿದ ದುಃಖವೊಂದೇ.

ಎರಡು ಮನೆಯವರೂ ಓದುಬರಹ ಬಲ್ಲವರೇ. ಕಾಗದದ ಕನ್ನಡದಲ್ಲಿ ಸಂಸ್ಕೃತದ ಕಠಿಣ ಶಬ್ದ ಒಂದೂ ಇರಲಿಲ್ಲ. ಹಾಗಿದ್ದೂ ಒಂದು ತಲೆಮಾರು ಕಳೆಯುವಷ್ಟರಲ್ಲಿ ಮನೆಮಾತು ಮನೆಯವರಿಗೇ ತಿಳಿಯದೆ ಹೋಯಿತು. ಇದು ಹೇಗಾಯಿತೆಂಬುದನ್ನು ನಾನು ಬಹುಕಾಲ ಯೋಚಿಸಿದ್ದೇನೆ.

ವೀಸವೆಂದರೆ ಹದಿನಾರನೆಯ ಒಂದು ಪಾಲು. ಹಾಗವೆಂದರೆ ಹಣದ ಕಾಲುಭಾಗ. ಚಾಲುಕ್ಯರ, ಹೊಯ್ಸಳರ ಕಾಲದ ಶಾಸನಗಳಲ್ಲಿ ಸರಕುಗಳ ಮೇಲಿನ ಸುಂಕವನ್ನು ಹೇಳುವಾಗ ಈ ಹಾಗ, ವೀಸಗಳು ಮತ್ತೆ ಮತ್ತೆ ಬರುತ್ತವೆ. ಹದಿನಾರೇ ಏಕೆ ಎಂದು ಕೇಳಬಹುದು. ತಕ್ಕಡಿಯೊಂದಿದ್ದು ತೂಕದ ಕಲ್ಲಿಲ್ಲದವನೂ ಒಂದು ರಾಶಿಯನ್ನು ಎರಡು ಸಮಪಾಲು ಮಾಡಬಲ್ಲ. ಆ ಅರ್ಧವನ್ನು ಮತ್ತೆ ಅರ್ಧ ಮಾಡಬಲ್ಲ. ನಾಲ್ಕು ಸಲ ಹೀಗೆ ಮಾಡಿದರೆ ಕೈಯಲ್ಲಿ ಉಳಿಯುವುದೇ ವೀಸ. ಹತ್ತು ಪಾಲು ಮಾಡಹೊರಟವನಿಗೆ ಈ ಸೌಕರ್ಯವಿಲ್ಲ. ರೂಪಾಯಿಗೆ ಹದಿನಾರು ಆಣೆ, ಸೇರಿಗೆ ಹದಿನಾರು ಛಟಾಕು ಎಂಬ ಲೆಕ್ಕಗಳೂ ಇದೇ ಜಾಡಿನವು. ಕೂಲಿಮಠದ ಮಕ್ಕಳು ಒಂದೆರಡರ ಮಗ್ಗಿ ಮುಗಿಸಿ ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ, ವೀಸದ ಮಗ್ಗಿಗಳನ್ನು ರಾಗವಾಗಿ ಒಪ್ಪಿಸುತ್ತಿದ್ದರು. ಅಂಥವರ ಬಾಯಲ್ಲಿ 'ಮುಕ್ಕಾಲು ಮೂರು ವೀಸ' ಬೆಡಗಿನ ಮಾತಲ್ಲ. ಮುಕ್ಕಾಲೆಂದರೆ ಹನ್ನೆರಡು ವೀಸ. ಅದಕ್ಕೆ ಮೂರು ವೀಸ ಕೂಡಿದರೆ ಹದಿನೈದು. ಪೂರ್ಣಕ್ಕೆ ಒಂದೇ ವೀಸ ಕಡಮೆ. ಬಹುಪಾಲು ಎಂಬ ಅರ್ಥ ಬಂದದ್ದು ಈ ಎಣಿಕೆಯಿಂದ.

ಮಗ್ಗಿ ಹೋಯಿತು, ವೀಸವೂ ಹೋಯಿತು. ವೀಸವೆಂದರೇನೆಂದು ತಿಳಿಯದ ನಾಲಗೆ ಅದನ್ನು ಬಿಟ್ಟು ತನಗೆ ಗೊತ್ತಿದ್ದ 'ಪಾಲು' ಶಬ್ದವನ್ನು ಅಲ್ಲಿ ಕೂಡಿಸಿಕೊಂಡಿತೆಂದು ನನಗೆ ತೋರುತ್ತದೆ. ಮುಕ್ಕಾಲು ಮೂರುಪಾಲು ಹುಟ್ಟಿದ್ದು ಹೀಗೆ. ಅರ್ಥ ಕೆಡಲಿಲ್ಲ, ಲೆಕ್ಕ ಕೆಟ್ಟಿತು.

ಇದಕ್ಕೆ ಕನ್ನಡದಲ್ಲಿ ನಿದರ್ಶನಗಳು ಬೇಕಾದಷ್ಟಿವೆ. ನಾವು ಈಗ ಹಣವೆನ್ನುವುದು ಒಂದು ಕಾಲಕ್ಕೆ ಗೊತ್ತಾದ ಒಂದು ನಾಣ್ಯದ ಹೆಸರು. ೧೬೩೮ರಿಂದ ೧೬೫೯ರವರೆಗೆ ಮೈಸೂರನ್ನಾಳಿದ ರಣಧೀರ ಕಂಠೀರವ ನರಸರಾಜ ಒಡೆಯರು ಹೊಡೆಸಿದ ಕಂಠೀರಾಯ ಹಣ ಕಣ್ಣಿಗೊತ್ತಿ ನೋಡಬೇಕಾದಷ್ಟು ಚಿಕ್ಕ ಚಿನ್ನದ ಬಿಲ್ಲೆ. ಅದರ ಮೇಲೆ ನರಸಿಂಹನ ಮೂರ್ತಿ. ಹತ್ತು ಹಣಕ್ಕೆ ಒಂದು ಕಂಠೀರಾಯ ವರಹ. ಈ ವರಹವಾದರೋ ಲೆಕ್ಕದ ಪುಸ್ತಕದಲ್ಲಿತ್ತೇ ಹೊರತು ಟಂಕಸಾಲೆಯಿಂದ ಹೊರಬಂದದ್ದಲ್ಲ. ದುಡ್ಡು, ಕಾಸು ಎರಡೂ ತಾಮ್ರದ ನಾಣ್ಯಗಳು. ನಾಣ್ಯ ಮಾಯವಾದ ಮೇಲೆ ಹೆಸರು ಮಾತ್ರ ಉಳಿದು ದ್ರವ್ಯಕ್ಕೆಲ್ಲ ಸಾಮಾನ್ಯವಾಯಿತು. ಕವಡೆ ಕಾಸಿನ ಕಿಮ್ಮತ್ತಿಲ್ಲ ಎಂದು ಬಯ್ಯುವವನಿಗೆ ಮಾಲ್ಡೀವ್ಸ್ ದ್ವೀಪಗಳಿಂದ ಹಡಗಿನಲ್ಲಿ ಬರುತ್ತಿದ್ದ ಕವಡೆ ನಿಜವಾಗಿಯೂ ಚಿಲ್ಲರೆಯಾಗಿ ಚಲಾವಣೆಯಲ್ಲಿತ್ತೆಂಬುದು ನೆನಪಿರಬೇಕಾಗಿಲ್ಲ. ಬೈಗುಳ ಅದಿಲ್ಲದೆಯೂ ನಾಟುತ್ತದೆ. ಇನ್ನು 'ಸೇರಿಗೆ ಸವ್ವಾಸೇರು' ಎಂಬ ಗಾದೆಯಲ್ಲಿ ಕನ್ನಡದ ಒಂದೂಕಾಲಿಗೆ ಎಡೆಯಿಲ್ಲ. 'ಸವ್ವಾ' ಉತ್ತರದಿಂದ ಬಂದ ಮಾತೆಂಬುದು ಮೇಲ್ನೋಟಕ್ಕೇ ಕಾಣುತ್ತದೆ.

ಈ ಬಗೆಯ ಮಾತುಗಳನ್ನು ಕಾವ್ಯದೊಳಕ್ಕೆ ಧಾರಾಳವಾಗಿ ತಂದವನು ಮುಳುಗುಂದದ ನಯಸೇನ. ೧೧೧೨ರಲ್ಲಿ ಮುಗಿದ ಅವನ ಧರ್ಮಾಮೃತದಲ್ಲಿ ಹಳ್ಳಿಯ ಹೋಲಿಕೆಗಳೂ ಗಾದೆಗಳೂ ಒಂದರ ಮೇಲೊಂದು ಸುರಿಯುತ್ತವೆ. ಅವನ ಉಪದೇಶಕ್ಕಿಂತ ಆ ಗಾದೆಗಳೇ ನನಗೆ ರುಚಿ. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನ ಸೊಗಸೂ ಅದೇ. ಶಬ್ದಕ್ಕೆ ಅರ್ಥ ಕೊಟ್ಟು ಸುಮ್ಮನಾಗದೆ ಆ ಪುಣ್ಯಾತ್ಮರು ಜನ ಆಡುವ ಗಾದೆಯನ್ನೂ ಪಕ್ಕದಲ್ಲಿ ಇಟ್ಟಿದ್ದಾರೆ. ಶಬ್ದ ಬಳಕೆಯಲ್ಲಿ ಹೇಗೆ ಕೂತಿತ್ತೆಂಬುದು ಅಲ್ಲಿ ಕಾಣುತ್ತದೆ. ಜರ್ಮನಿಯಿಂದ ಬಂದ ಪಾದ್ರಿಗೆ ಇದು ಹೊಳೆದದ್ದು ಸಹಜವೇ ಇರಬೇಕು. ಹುಟ್ಟಿನಿಂದ ಆಡುವವರಿಗೆ ನುಡಿಗಟ್ಟಿನ ಗಂಟು ಕಾಣಿಸುವುದಿಲ್ಲ.

ನಮ್ಮ ಕಾಲದಲ್ಲೇ ಈ ಗಂಟು ಇನ್ನೊಮ್ಮೆ ಸಡಿಲಿತು. ೧೯೫೭ರ ಏಪ್ರಿಲ್ ೧ರಂದು ರೂಪಾಯಿಗೆ ನೂರು ನಯೇ ಪೈಸೆಯಾಯಿತು. ನಾಲ್ಕಾಣೆಗೆ ಸರಿಯಾಗಿ ೨೫, ಎಂಟಾಣೆಗೆ ೫೦ ಪೈಸೆ ಕೂತದ್ದರಿಂದ ಆ ಎರಡು ಹೆಸರುಗಳು ಹೊಸ ನಾಣ್ಯದ ಮೇಲೆ ಹತ್ತಿಕೊಂಡು ಬದುಕಿದುವು. ಒಂದಾಣೆಗೆ ಆರೂಕಾಲು ಪೈಸೆ. ಅಂಥ ನಾಣ್ಯವೇ ಇಲ್ಲ, ಹೆಸರು ಬಿದ್ದುಹೋಯಿತು. ೨೦೧೧ರ ಜೂನ್ ತಿಂಗಳ ಕೊನೆಗೆ ೨೫ ಪೈಸೆಯ ಚಲಾವಣೆಯೂ ನಿಂತಿತು. ಆದರೂ ಹದಿನಾರಾಣೆ ಸತ್ಯವೆಂದರೆ ತಿಳಿಯುವವರು ಇದ್ದಾರೆ. ನನ್ನ ಮೊಮ್ಮಗಳು ಅದೇ ಅರ್ಥಕ್ಕೆ 'ನೂರಕ್ಕೆ ನೂರು' ಎನ್ನುತ್ತಾಳೆ. ನನ್ನದರಲ್ಲಿ ಸಂತೆಯ ವಾಸನೆಯಿದೆ, ಅವಳದರಲ್ಲಿ ಪರೀಕ್ಷೆಯ ವಾಸನೆ. ಯಾವುದು ಮೇಲೆಂದು ನಾನು ಹೇಳಲಾರೆ. ನನಗೆ ಸಂತೆಯೇ ವಾಸಿ.

ನಮ್ಮೂರ ವ್ಯಾಜ್ಯವನ್ನು ಬಗೆಹರಿಸಿದವರು ಹಿಂದೆ ಶಾನುಭೋಗರಾಗಿದ್ದ ಮುದುಕರೊಬ್ಬರು. ಗ್ರಾಮಾಧಿಕಾರಗಳನ್ನು ತೆಗೆದುಹಾಕಿದ ೧೯೬೧ರ ಕಾಯಿದೆಯಿಂದ ಅವರ ವೃತ್ತಿ ಹೋಗಿತ್ತು. ಲೆಕ್ಕದ ಮರ್ಜಿ ಹೋಗಿರಲಿಲ್ಲ. ಎರಡು ಮನೆಯವರನ್ನೂ ಜಗಲಿಯ ಮೇಲೆ ಕೂರಿಸಿಕೊಂಡು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. "ನಿಮ್ಮಪ್ಪ ಕೂಲಿಮಠದಲ್ಲಿ ನನ್ನ ಜೊತೆ ವೀಸದ ಮಗ್ಗಿ ಒಪ್ಪಿಸಿದೋರು ಕಣಪ್ಪ. ಸುಮ್ಮನೆ ಬರೆಯೋ ಪೈಕಿ ಅಲ್ಲ" ಎಂದು ನಮ್ಮ ತಂದೆಗೆ ಹೇಳಿದರು. ದೊಡ್ಡಮನೆಯವರ ಕಡೆ ತಿರುಗಿ, "ಮುಕ್ಕಾಲಿಗೇ ಯಾಕೆ ನಿಲ್ಲಿಸಿದಿರಿ? ಮುಂದಿನ ಅಕ್ಷರ ಓದೋಕೆ ಬರಲಿಲ್ಲವೆ?" ಎಂದರು. ಎಂಟುನೂರಕ್ಕೆ ವೀಸವೆಂದರೆ ಐವತ್ತು.

ನಮ್ಮ ತಂದೆ ಮಾರನೆಯ ದಿನ ವೀಳ್ಯದೆಲೆ ಅಡಿಕೆಯ ಮೇಲೆ ೫೦ ರೂಪಾಯಿ ಇಟ್ಟು ದೊಡ್ಡಮನೆಗೆ ಕೊಟ್ಟು ಬಂದರು. ಸಾಲ ತೀರಿದ ಮೇಲೆ ಕಾಗದವನ್ನು ಇಟ್ಟುಕೊಳ್ಳಬಾರದೆಂದು ಅವರು ಅದನ್ನು ಹಿಂದಿರುಗಿಸಿದರು. ಈಗ ಅದು ನನ್ನ ಬಳಿ ಇದೆ. ಮಡಿಕೆಗಳಲ್ಲಿ ಹರಿದಿದೆ; ತಾತನ ಮಸಿ ಕಂದುಬಣ್ಣಕ್ಕೆ ತಿರುಗಿದೆ. ಹಿಂಬದಿಯಲ್ಲಿ ಶಾನುಭೋಗರು ಪೆನ್ಸಿಲಿನಿಂದ ಎಳೆದ ಹದಿನಾರು ಗೀಟುಗಳಿವೆ. ಹದಿನೈದನ್ನು ಅಡ್ಡ ಹೊಡೆದಿದ್ದಾರೆ.