ಕಣ್ಣಿಗೆ ಪೆಟ್ಟು: ಅಯಸ್ಕಾಂತದಿಂದ ಮುಲಾಮಿನವರೆಗೆ

ಒಂದು ಕಣ್ಣಿಗೆ ಪೆಟ್ಟಾದರೆ ಹತ್ತೊಂಬತ್ತನೇ ಶತಮಾನದ ವೈದ್ಯರಿಗೆ ಇನ್ನೊಂದು ಕಣ್ಣಿನದೇ ಚಿಂತೆ. 1812ರಲ್ಲಿ ಫ್ರಾನ್ಸಿನ ಕೂಪ್‌ವ್ರೆ ಎಂಬ ಊರಲ್ಲಿ ಮೂರು ವರ್ಷದ ಲೂಯಿ ಬ್ರೈಲ್‌ನ ಕಣ್ಣಿಗೆ ಅಪ್ಪನ ದಬ್ಬಳ ಚುಚ್ಚಿತು. ಐದು ತುಂಬುವಷ್ಟರಲ್ಲಿ ಎರಡೂ ಕಣ್ಣು ಹೋದವು. ಕಣ್ಣು ಹರಿದಾಗ ಒಳಗಿನ ಅಂಶಗಳು ದೇಹದ ರಕ್ಷಣಾ ವ್ಯವಸ್ಥೆಗೆ ಪರಕೀಯವಾಗಿ ಕಂಡು, ಅದು ಚೆನ್ನಾಗಿರುವ ಕಣ್ಣಿನ ಮೇಲೂ ಎರಗಬಹುದು ಎಂಬುದು ಈಗ ಗೊತ್ತು. ಆ ಶತಮಾನದ ವೈದ್ಯರು ಕಂಡುಕೊಂಡ ಉಪಾಯ ಒಂದೇ: ಗಾಯವಾದ ಕಣ್ಣನ್ನು ಬೇಗ ಕಿತ್ತುಬಿಡುವುದು.

ಕಣ್ಣು ಉಳಿಸುವ ಧೈರ್ಯ ಬಂದದ್ದು ಕಾರ್ಖಾನೆಗಳ ಕಾಲದಲ್ಲಿ. ಸುತ್ತಿಗೆ ಬಿದ್ದ ಉಳಿಯಿಂದ ಸಿಡಿದ ಕಬ್ಬಿಣದ ಚೂರನ್ನು ಹೊರತೆಗೆಯಲು ಬರ್ಲಿನ್ನಿನ ಯೂಲಿಯಸ್ ಹಿರ್ಷ್‌ಬರ್ಗ್ 1879ರಲ್ಲಿ ವಿದ್ಯುತ್ ಅಯಸ್ಕಾಂತ ಹಿಡಿದರು. 1892ರಲ್ಲಿ ಜ್ಯೂರಿಕ್‌ನ ಹಾಬ್ ಅದಕ್ಕಿಂತ ಎಷ್ಟೋ ಪಾಲು ದೊಡ್ಡದನ್ನು ಬಳಕೆಗೆ ತಂದರು. ಚೂರು ಬರುತ್ತಿತ್ತು; ದೃಷ್ಟಿ ಬರುವುದು ಅಪರೂಪ. ಒಳಗಿನ ಜೆಲ್ಲಿಯಂಥ ವಿಟ್ರಿಯಸ್‌ನಲ್ಲಿ ರಕ್ತ ತುಂಬಿ, ಗಾಯ ಮಾಯುವಾಗ ಎದ್ದ ಪೊರೆ ರೆಟಿನಾವನ್ನು ಎಳೆದು ಕೀಳುತ್ತಿತ್ತು. ಆ ಜೆಲ್ಲಿಯನ್ನೇ ಸಣ್ಣ ರಂಧ್ರದ ಮೂಲಕ ಕತ್ತರಿಸಿ ಹೀರುವ ಸಾಧನವನ್ನು 1970ರ ಸುಮಾರಿಗೆ ಮಯಾಮಿಯಲ್ಲಿ ರಾಬರ್ಟ್ ಮಾಕೆಮರ್ ರೂಪಿಸಿದ ಮೇಲೆ ಚಿತ್ರ ಬದಲಾಯಿತು. (ಎರಡನೇ ಮಹಾಯುದ್ಧದ ಪೈಲಟ್‌ಗಳ ಕಣ್ಣಲ್ಲಿ ಹೊಕ್ಕ ಪರ್ಸ್ಪೆಕ್ಸ್ ಚೂರುಗಳು ಉರಿ ಎಬ್ಬಿಸದೆ ಕುಳಿತದ್ದನ್ನು ಗಮನಿಸಿದ ಹೆರಾಲ್ಡ್ ರಿಡ್ಲಿ 1949ರಲ್ಲಿ ಮೊದಲ ಕೃತಕ ಮಸೂರ ಇಟ್ಟರು. ನಮ್ಮ ಅಜ್ಜ-ಅಜ್ಜಿಯರ ಪೊರೆ ಆಪರೇಷನ್ನಿನ ಲೆನ್ಸ್‌ಗೆ ಮೂಲ ಯಾರದೋ ಗಾಯ.)

1996ರಲ್ಲಿ ಫೆರೆಂಕ್ ಕೂನ್ ಮತ್ತು ಜೊತೆಗಾರರು ಗಾಯಗಳಿಗೆ ಒಂದೇ ಪರಿಭಾಷೆ ಕಟ್ಟಿದರು. 2002ರಲ್ಲಿ ದೃಷ್ಟಿ ಎಷ್ಟು ಮರಳಬಹುದೆಂದು ಮೊದಲ ದಿನವೇ ಅಂದಾಜಿಸುವ ಅಂಕಪಟ್ಟಿ ಬಂತು. ಮನೆಯವರಿಗೆ ಸುಳ್ಳು ಭರವಸೆ ಕೊಡುವುದನ್ನು ತಪ್ಪಿಸಿದ್ದೇ ಅದರ ದೊಡ್ಡ ಉಪಕಾರ ಎನ್ನಬೇಕು.

ಆದರೆ ನನ್ನ ಲೆಕ್ಕದಲ್ಲಿ ಈ ಕ್ಷೇತ್ರದ ನಿಜವಾದ ತಿರುವು ನೇಪಾಳದ ಭಕ್ತಪುರದ್ದು. ಹೊಲದಲ್ಲಿ ಭತ್ತದ ಗರಿ ತಗುಲಿ ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾ ತರಚಿದರೆ ಅಲ್ಲಿ ಸೋಂಕು ಹತ್ತಿ ಹುಣ್ಣಾಗಬಹುದು. ಮದನ್ ಉಪಾಧ್ಯಾಯ ಅವರ ತಂಡ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ತರಚನ್ನು ಗುರುತಿಸುವುದನ್ನು ಕಲಿಸಿ, ಕ್ಲೋರಾಂಫೆನಿಕಾಲ್ ಮುಲಾಮು ಕೊಡಿಸಿತು. 2001ರಲ್ಲಿ ಪ್ರಕಟವಾದ ಫಲಿತಾಂಶ: ತರಚಾಗಿದ್ದ 442 ಜನರಲ್ಲಿ ಶೇ 96ರಷ್ಟು ಮಂದಿ ಸೋಂಕಿಲ್ಲದೆ ಗುಣವಾದರು, 18 ಗಂಟೆಯೊಳಗೆ ಮುಲಾಮು ಶುರು ಮಾಡಿದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಯಾವ ಅಯಸ್ಕಾಂತವೂ, ಯಾವ ಕತ್ತರಿಯೂ ಇಷ್ಟು ಅಗ್ಗಕ್ಕೆ ಇಷ್ಟು ಕಣ್ಣು ಉಳಿಸಿದ್ದನ್ನು ಕಾಣೆ.

ನಮ್ಮಲ್ಲಿ ಆ ಮೊದಲ ಗಂಟೆಗಳು ಇನ್ನೂ ಬೇರೆಯವರ ಕೈಯಲ್ಲಿವೆ. ಕಸ ಬಿದ್ದರೆ ನಾಲಿಗೆಯಿಂದ ತೆಗೆಯುವವರು, ಎದೆಹಾಲು ಇಲ್ಲವೇ ನಂದಿಬಟ್ಟಲು ಹೂವಿನ ರಸ ಬಿಡುವವರು ಉಂಟು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟಿರಾಯ್ಡ್ ಹನಿ ಇನ್ನೂ ಕೆಟ್ಟದ್ದು: ದಕ್ಷಿಣ ಭಾರತದ ಹೊಲಗಳಲ್ಲಿ ಶಿಲೀಂಧ್ರದ ಸೋಂಕು ಸಾಮಾನ್ಯ, ಅದಕ್ಕೆ ಸ್ಟಿರಾಯ್ಡ್ ಗೊಬ್ಬರ. ದೀಪಾವಳಿ ಬಂದರೆ ಬೆಂಗಳೂರಿನ ಮಿಂಟೋ ಆಸ್ಪತ್ರೆಯಲ್ಲಿ ಪಟಾಕಿ ಗಾಯದ ಮಕ್ಕಳು. ಅವರಲ್ಲಿ ಎಷ್ಟೋ ಮಂದಿ ಹಚ್ಚಿದವರಲ್ಲ, ನಿಂತು ನೋಡಿದವರು.

ಎಲೆಅಡಿಕೆಯ ಸುಣ್ಣದ ಪೊಟ್ಟಣ ಹಿಸುಕಿ ಕಣ್ಣು ಸುಟ್ಟುಕೊಳ್ಳುವ ಮಕ್ಕಳೂ ಇದ್ದಾರೆ. ಕ್ಷಾರ ಒಳಕ್ಕಿಳಿಯುತ್ತಲೇ ಹೋಗಿ ಕಾರ್ನಿಯಾದ ಅಂಚಿನ ಕಾಂಡಕೋಶಗಳನ್ನು ಕೊಲ್ಲುತ್ತದೆ. ಹೈದರಾಬಾದಿನ ಎಲ್.ವಿ. ಪ್ರಸಾದ್ ಸಂಸ್ಥೆಯಲ್ಲಿ ವೀರೇಂದ್ರ ಸಾಂಗ್ವಾನ್ ತಂಡ ಇದಕ್ಕೊಂದು ದಾರಿ ಹುಡುಕಿ 2012ರಲ್ಲಿ ಪ್ರಕಟಿಸಿತು: ಚೆನ್ನಾಗಿರುವ ಕಣ್ಣಿನಿಂದ ಚೂರೇ ಚೂರು ಅಂಗಾಂಶ ತೆಗೆದು, ತುಣುಕು ಮಾಡಿ, ಸುಟ್ಟ ಕಣ್ಣಿಗೆ ಹೊದಿಸಿದ ಗರ್ಭಪೊರೆಯ ಮೇಲೆ ನೆಡುವುದು. ಪ್ರಯೋಗಾಲಯದಲ್ಲಿ ಕೋಶ ಬೆಳೆಸುವ ದುಬಾರಿ ಹಂತವೇ ಬೇಡ.

ಅಲ್ಲಿಯವರೆಗೆ ಹೋಗದಿರಲು ಸುಣ್ಣ ಬಿದ್ದ ತಕ್ಷಣ ರೆಪ್ಪೆ ಬಿಡಿಸಿ, ಹರಳು ತೆಗೆದು, ಅರ್ಧ ಗಂಟೆಯಾದರೂ ಶುದ್ಧ ನೀರು ಹರಿಸುತ್ತಲೇ ಇರಬೇಕು. ಚುಚ್ಚಿದ, ಒಡೆದ ಕಣ್ಣಿಗೆ ಮಾತ್ರ ಇದು ಸಲ್ಲದು: ತೊಳೆಯದೆ, ಒತ್ತದೆ, ನಾಟಿದ್ದನ್ನು ಕೀಳದೆ, ಕಾಗದದ ಲೋಟದ ಬುಡ ಕತ್ತರಿಸಿ ಸುತ್ತಲಿನ ಮೂಳೆಯ ಮೇಲೆ ಕೂರುವಂತೆ ಕವುಚಿ ಆಸ್ಪತ್ರೆಗೆ ಒಯ್ಯಬೇಕು. ದಾರಿಯಲ್ಲಿ ಊಟ, ಕಾಫಿ ಕೊಡಬಾರದು, ಅರಿವಳಿಕೆ ಬೇಕಾಗುತ್ತದೆ.