ಬೆಟ್ಟ ಹತ್ತೋಕೂ ದುಡ್ಡು ಕೊಡ್ಬೇಕೇನೋ?

'ಏನೋ, ಬೆಟ್ಟ ಹತ್ತೋಕೂ ಅಲ್ಲಿ ದುಡ್ಡು ಕೊಡ್ಬೇಕೇನೋ?' ಅಂತ ಅಮ್ಮ ಮೈಸೂರಿನಿಂದ ಫೋನಿನಲ್ಲಿ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನ ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿಕೊಂಡು ಹತ್ತಿದವಳು ಆಕೆ. ಹದಿನೇಳನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ ಆ ಮೆಟ್ಟಿಲುಗಳಿಗೆ ಇವತ್ತಿಗೂ ಯಾರೂ ರಿಜಿಸ್ಟ್ರೇಶನ್ ಫೀಸು ಕೇಳಿಲ್ಲ. ನಾನೋ, ನ್ಯೂಯಾರ್ಕಿನ ಬೇರ್ ಮೌಂಟನ್ ಅನ್ನೋ ಗುಡ್ಡದ ಸುತ್ತ ಮೇ ತಿಂಗಳಲ್ಲಿ ನಡೆಯೋ ಒಂದು ಕಾಡುದಾರಿಯ ಹಾಫ್ ಮ್ಯಾರಥಾನಿಗೆ ಕ್ರೆಡಿಟ್ ಕಾರ್ಡ್ ಉಜ್ಜಿ ಹೆಸರು ಕೊಟ್ಟಾಗಿತ್ತು. ಅದೂ ಆಫೀಸಿನ ಇಬ್ಬರು ಹುಡುಗರು ಹುರಿದುಂಬಿಸಿದರು ಅಂತ. ಅವರಿಗೆ ಇಪ್ಪತ್ತೆಂಟು, ನನಗೆ ನಲವತ್ತೊಂಬತ್ತು.

ಅಮ್ಮ ಆಮೇಲೆ ಒಂದು ಮಾತು ಸೇರಿಸಿದಳು, 'ನಿಮ್ಮಪ್ಪಂಗೆ ಐವತ್ತೆರಡು, ನೆನಪಿರಲಿ.' ಅಷ್ಟೇ. ಅಪ್ಪ ಒಂದು ಭಾನುವಾರ ಬೆಳಿಗ್ಗೆ ಪೇಪರ್ ಓದ್ತಾ ಕೂತಲ್ಲೇ ಹೋಗಿಬಿಟ್ಟದ್ದು ಐವತ್ತೆರಡಕ್ಕೆ. ಓಡಿ ಅಲ್ಲ, ಬೆಟ್ಟ ಹತ್ತಿ ಅಲ್ಲ, ಕೂತು. ಇದನ್ನು ಇಲ್ಲಿಗೇ ಬಿಡ್ತೀನಿ, ಮತ್ತೆ ಬರುತ್ತೆ.

ಮೊದಲು ಗುಡ್ಡದ ವಿಷಯ. ಬೇರ್ ಮೌಂಟನ್ ಎತ್ತರದಲ್ಲಿ ಹೇಳಿಕೊಳ್ಳುವಂಥದ್ದೇನಲ್ಲ, ಸಮುದ್ರ ಮಟ್ಟದಿಂದ ಸುಮಾರು 1,290 ಅಡಿ. ಆದರೆ ಪಕ್ಕದಲ್ಲೇ ಹಡ್ಸನ್ ನದಿ ಹರಿಯುವುದರಿಂದ ಹೆಚ್ಚುಕಡಿಮೆ ಅಷ್ಟನ್ನೂ ನೀವೇ ಹತ್ತಬೇಕು, ರಿಯಾಯಿತಿ ಇಲ್ಲ. ಜಾರ್ಜಿಯಾದಿಂದ ಮೇನ್ ರಾಜ್ಯದವರೆಗೆ ಹೋಗುವ ಅಪಲಾಚಿಯನ್ ಟ್ರೇಲ್‌ನ ಮೊಟ್ಟಮೊದಲ ತುಣುಕು 1923ರಲ್ಲಿ ಶುರುವಾದದ್ದು ಇಲ್ಲೇ. ಆ ಇಡೀ ದಾರಿಯ ಅತಿ ತಗ್ಗಿನ ಜಾಗವೂ ಇದೇ ಗುಡ್ಡದ ಬುಡದ ಪುಟ್ಟ ಮೃಗಾಲಯದೊಳಗೆ ಇದೆ, 124 ಅಡಿ. ಅಲ್ಲಿಂದ ಮೇಲಕ್ಕೆ ಈಚಿನ ವರ್ಷಗಳಲ್ಲಿ ನೂರಾರು ಗ್ರಾನೈಟ್ ಮೆಟ್ಟಿಲು ಜೋಡಿಸಿದ್ದಾರೆ. ಮೊದಲ ಸಲ ನೋಡಿದಾಗ ಕಣ್ಣು ತಾನಾಗೇ ನಂದಿಯನ್ನು ಹುಡುಕಿತು. ತುದಿಯಲ್ಲಿರೋದು 1934ರ ಪರ್ಕಿನ್ಸ್ ಗೋಪುರ. ಆಕಾಶ ತಿಳಿಯಾಗಿದ್ದರೆ ದೂರದಲ್ಲಿ ಮ್ಯಾನ್‌ಹಟನ್ ಬೆಂಕಿಕಡ್ಡಿಗಳ ಹಾಗೆ ಕಾಣುತ್ತೆ.

ಈ ಗುಡ್ಡವನ್ನು ತಯಾರಿಯಿಲ್ಲದೆ ಸುತ್ತಿದ ಮೊದಲನೆಯವನು ನಾನಲ್ಲ ಅನ್ನೋದು ಓದ್ತಾ ಹೋದಾಗ ಗೊತ್ತಾಯಿತು. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲ, 1777ರ ಅಕ್ಟೋಬರ್ 6. ಬ್ರಿಟಿಷ್ ಹಡಗುಗಳು ಹಡ್ಸನ್ ಮೇಲೆ ಬರದಂತೆ ಅಮೆರಿಕನ್ನರು ನದಿಗೆ ಅಡ್ಡಲಾಗಿ ಕಬ್ಬಿಣದ ಸರಪಳಿ ಬಿಗಿದು, ಅದರ ಕಾವಲಿಗೆ ಎರಡು ಕೋಟೆ ಕಟ್ಟಿದ್ದರು, ಫೋರ್ಟ್ ಮಾಂಟ್ಗೊಮರಿ ಮತ್ತು ಫೋರ್ಟ್ ಕ್ಲಿಂಟನ್. ತೋಪುಗಳ ಗಮನವೆಲ್ಲ ನದಿಯ ಕಡೆ. ಹಿಂದುಗಡೆ ಹೇಗೂ ಗುಡ್ಡ ಇದೆಯಲ್ಲ, ಅಲ್ಲಿಂದ ಯಾರು ಬರ್ತಾರೆ ಅನ್ನೋ ಧೈರ್ಯ. ಬ್ರಿಟಿಷ್ ಜನರಲ್ ಸರ್ ಹೆನ್ರಿ ಕ್ಲಿಂಟನ್ ಸುಮಾರು ಎರಡು ಸಾವಿರ ಜನರನ್ನು ಬೆಳಗಿನ ಮಂಜಿನಲ್ಲಿ ದಕ್ಷಿಣಕ್ಕೆ ಸ್ಟೋನಿ ಪಾಯಿಂಟ್ ಹತ್ತಿರ ಇಳಿಸಿ, ಡಂಡರ್‌ಬರ್ಗ್ ಗುಡ್ಡದ ಹಿಂದಿನಿಂದ ನಡೆಸಿಕೊಂಡು ಬಂದ. ಡೂಡಲ್‌ಟೌನ್ ಅನ್ನೋ ಹಳ್ಳಿಯಲ್ಲಿ ಸೈನ್ಯ ಎರಡಾಯಿತು. ಸುಮಾರು 900 ಜನ ಬೇರ್ ಮೌಂಟನ್ನಿನ ಬೆನ್ನ ಕಡೆಯಿಂದ ದೊಡ್ಡ ಸುತ್ತು ಹಾಕಿ ಹೋದರು, ಉಣ್ಣೆಯ ಕೋಟು, ಬಂದೂಕು, ಮದ್ದುಗುಂಡು ಸಮೇತ. ಸಂಜೆಗೆ ಎರಡೂ ಕೋಟೆ ಬಿದ್ದವು. ಒಳಗಿದ್ದವರು ಆರುನೂರರ ಆಸುಪಾಸು. ಅವರ ನಾಯಕರು ಜಾರ್ಜ್ ಕ್ಲಿಂಟನ್ ಮತ್ತು ಜೇಮ್ಸ್ ಕ್ಲಿಂಟನ್ ಅನ್ನೋ ಅಣ್ಣತಮ್ಮಂದಿರು. (ಹೌದು, ಎರಡೂ ಕಡೆ ಕ್ಲಿಂಟನ್ನರೇ. ನಮ್ಮೂರಿನ ಗೌಡರ ಜಗಳದ ಥರ.) ಕತ್ತಲಲ್ಲಿ ಇಬ್ಬರೂ ತಪ್ಪಿಸಿಕೊಂಡರು. ಗುಡ್ಡದ ಬುಡದ ಹೆಸಿಯನ್ ಲೇಕ್‌ಗೆ ಆ ಹೆಸರು ಬಂದದ್ದು ಬ್ರಿಟಿಷರ ಪರ ಕೂಲಿಗೆ ಹೋರಾಡಿದ ಜರ್ಮನ್ ಸೈನಿಕರ ಹೆಣಗಳನ್ನು ಅಲ್ಲಿ ಹಾಕಿದ್ದರು ಅನ್ನೋ ಕಥೆಯಿಂದ. ಈಗ ಅಲ್ಲಿ ಭಾನುವಾರ ದೇಸಿ ಕುಟುಂಬಗಳು ಪುಳಿಯೋಗರೆ ಡಬ್ಬಿ ಬಿಚ್ಚಿರುತ್ತವೆ, ನಾವೂ ಸೇರಿ.

ಇದೇ ಜಾಗ ಜೈಲಾಗಬೇಕಿತ್ತು ಅಂದರೆ ನಂಬ್ತೀರಾ? ಕುಖ್ಯಾತ ಸಿಂಗ್ ಸಿಂಗ್ ಜೈಲನ್ನು ಇಲ್ಲಿಗೆ ಸಾಗಿಸೋದು ಅಂತ ನ್ಯೂಯಾರ್ಕ್ ಸರಕಾರ ತೀರ್ಮಾನಿಸಿ, 1909ರಲ್ಲಿ ಕೈದಿಗಳನ್ನೇ ಕರೆತಂದು ಮರ ಕಡಿಸೋಕೆ ಶುರು ಮಾಡಿತ್ತು. ರೈಲ್ವೆ ಸಾಹುಕಾರ ಇ. ಎಚ್. ಹ್ಯಾರಿಮನ್ ಆ ವರ್ಷವೇ ತೀರಿಕೊಂಡ. ಅವನ ಹೆಂಡತಿ ಮೇರಿ ಹ್ಯಾರಿಮನ್ ಹತ್ತು ಸಾವಿರ ಎಕರೆ ಕಾಡು, ಜೊತೆಗೆ ಹತ್ತು ಲಕ್ಷ ಡಾಲರ್ ಕೊಡ್ತೀನಿ, ಜೈಲಿನ ಯೋಚನೆ ಬಿಡಿ ಅಂದಳು. 1910ರ ಅಕ್ಟೋಬರಿನಲ್ಲಿ ಪತ್ರವನ್ನು ಸರಕಾರಕ್ಕೆ ಒಪ್ಪಿಸಿದ್ದು ಹದಿನೆಂಟು ವರ್ಷದ ಮಗ ಅವೆರೆಲ್, ಮುಂದೆ ನ್ಯೂಯಾರ್ಕಿನ ಗವರ್ನರ್ ಆದವನು. ಆ ಹೆಂಗಸು ಹಾಗೆ ಮಾಡದಿದ್ದರೆ ನಾನು ಇವತ್ತು ಫೀಸು ಕಟ್ಟಿ ಓಡೋ ಜಾಗದಲ್ಲಿ ಜನ ಬಿಟ್ಟಿ ಊಟ ಮಾಡಿಕೊಂಡು ಕೂತಿರ್ತಿದ್ರು.

ಸರಿ, ತಯಾರಿ. ನಾವಿರೋದು ಎಡಿಸನ್ ಹತ್ತಿರ, ಅಂಗೈಯಷ್ಟು ಚಪ್ಪಟೆ ಊರು. ಇಲ್ಲಿ ಏರು ಅಂದರೆ ಮಾಲ್‌ನ ಪಾರ್ಕಿಂಗ್ ಕಟ್ಟಡದ ರ್‍ಯಾಂಪು. ಹಾಗಾಗಿ ಶನಿವಾರ ಬೆಳಿಗ್ಗೆ ಗ್ರೀನ್ ಬ್ರೂಕಿನ ವಾಷಿಂಗ್ಟನ್ ರಾಕ್‌ಗೆ ಹೋಗೋಕೆ ಶುರು ಮಾಡಿದೆ. ವಾಚಂಗ್ ಗುಡ್ಡಸಾಲಿನ ಅಂಚಿನ ಈ ಬಂಡೆಯ ಮೇಲೆ ನಿಂತು ಜಾರ್ಜ್ ವಾಷಿಂಗ್ಟನ್ ಅದೇ 1777ರ ಬೇಸಿಗೆಯಲ್ಲಿ ಕೆಳಗಿನ ಬಯಲಿನ ಬ್ರಿಟಿಷ್ ಸೈನ್ಯದ ಚಲನವಲನ ನೋಡುತ್ತಿದ್ದ. ಅವನು ಕುದುರೆ ಮೇಲೆ ಬಂದಿರಬೇಕು, ಪುಣ್ಯಾತ್ಮ. ನಾನು ಮೊದಲ ದಿನ ಅರ್ಧ ಏರಿನಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತೆ. ಪಕ್ಕದಲ್ಲಿ ಒಬ್ಬ ಅಜ್ಜ ನಾಯಿ ಹಿಡ್ಕೊಂಡು 'ಗುಡ್ ಮಾರ್ನಿಂಗ್' ಅಂತ ನನ್ನನ್ನು ದಾಟಿ ಹೋದ.

ಹಳಬರು ಹೇಗೆ ತಯಾರಾಗ್ತಿದ್ದರು ಅನ್ನೋ ಕುತೂಹಲ ಬಂತು. ಈ ಭಾಗದಲ್ಲಿ ಏರುದಾರಿಯ ಓಟ ಅಂದರೆ ಯಾಂಕರ್ಸ್ ಹೆಸರು ಹೇಳಲೇಬೇಕು. ಬ್ರಾಂಕ್ಸ್ ದಾಟಿದರೆ ಸಿಗುವ, ಹಡ್ಸನ್ ದಂಡೆಯ ದಿಣ್ಣೆಗಳ ಮೇಲೆ ಕೂತ ಊರು. ಬಾಸ್ಟನ್ ಬಿಟ್ಟರೆ ಅಮೆರಿಕದ ಅತಿ ಹಳೆಯ ಮ್ಯಾರಥಾನ್ 1907ರಲ್ಲಿ ಶುರುವಾದದ್ದು ಇಲ್ಲೇ. ಆ ಮೊದಲ ಓಟ ಗೆದ್ದ ಜಾನಿ ಹೇಯ್ಸ್ ಮರುವರ್ಷ ಲಂಡನ್ ಒಲಿಂಪಿಕ್ಸ್ ಮ್ಯಾರಥಾನನ್ನೂ ಗೆದ್ದ, ಮುಂದಿದ್ದ ಇಟಲಿಯ ಡೊರಾಂಡೊ ಕೊನೆಯಲ್ಲಿ ಕುಸಿದುಬಿದ್ದು ಬೇರೆಯವರು ಎತ್ತಿ ದಾಟಿಸಿದ್ದರಿಂದ ಅನರ್ಹನಾದ, ಅದೇ ಪ್ರಸಿದ್ಧ ಓಟ. ಹೇಯ್ಸ್ ಐರಿಶ್ ವಲಸಿಗರ ಮಗ, ನ್ಯೂಯಾರ್ಕಿನ ಸಬ್‌ವೇ ಸುರಂಗ ಅಗೆದವನು. ಅವನಿಗೆ ಬೇರೆ ಜಿಮ್ ಬೇಕಿರಲಿಲ್ಲ ಬಿಡಿ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದವನು 1954ರಲ್ಲಿ ಯಾಂಕರ್ಸ್ ಗೆದ್ದು ರಾಷ್ಟ್ರೀಯ ಚಾಂಪಿಯನ್ ಆದ ಟೆಡ್ ಕಾರ್ಬಿಟ್. ಸೌತ್ ಕೆರೊಲಿನಾದ ಹತ್ತಿ ಬೆಳೆಯೋ ರೈತನ ಮಗ, ಗುಲಾಮರಾಗಿದ್ದವರ ಮೊಮ್ಮಗ, 1919ರಲ್ಲಿ ಹುಟ್ಟಿದವನು. ಕಾಲೇಜಿನಲ್ಲಿದ್ದಾಗ ಬಿಳಿಯ ಹುಡುಗರು ಇವನ ಜೊತೆ ಓಡಲ್ಲ ಅಂದರೆ ಇವನನ್ನೇ ಸ್ಪರ್ಧೆಯಿಂದ ಹೊರಗಿಡುತ್ತಿದ್ದರು. ಅಂಥವನು 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸ್‌ನ ಮ್ಯಾರಥಾನ್ ಓಡಿದ, ಅಮೆರಿಕದ ಪರ ಅದನ್ನು ಓಡಿದ ಮೊದಲ ಕಪ್ಪು ಮನುಷ್ಯ. ಹೊಟ್ಟೆಪಾಡಿಗೆ ಫಿಸಿಯೋಥೆರಪಿಸ್ಟ್. ಕೆಲಸಕ್ಕೆ ಓಡಿಕೊಂಡೇ ಹೋಗ್ತಿದ್ದ, ಮ್ಯಾನ್‌ಹಟನ್ ದ್ವೀಪವನ್ನು ಪೂರ್ತಿ ಸುತ್ತುತ್ತಿದ್ದ, 31 ಮೈಲಿ, ಕೆಲವು ಸಲ ಒಂದೇ ದಿನ ಎರಡು ಸುತ್ತು. 1958ರಲ್ಲಿ ಶುರುವಾದ ನ್ಯೂಯಾರ್ಕ್ ರೋಡ್ ರನ್ನರ್ಸ್ ಕ್ಲಬ್‌ನ ಮೊದಲ ಅಧ್ಯಕ್ಷ ಈತ. ಅಮೆರಿಕದಲ್ಲಿ ಓಟದ ದಾರಿಯನ್ನು ಸೈಕಲ್ ಚಕ್ರ ಸುತ್ತಿಸಿ ಸರಿಯಾಗಿ ಅಳೆಯೋ ಪದ್ಧತಿ ಬಂದದ್ದು 1964ರಲ್ಲಿ ಈತ ಬರೆದ ಪುಸ್ತಿಕೆಯಿಂದ. ಅಲ್ಲಿಯವರೆಗೆ ಎಷ್ಟೋ ಕಡೆ ಮ್ಯಾರಥಾನ್ ಅಂದರೆ ಅಂದಾಜಿನ ಲೆಕ್ಕ. ಇವತ್ತು ನನ್ನ ಕೈಗಡಿಯಾರ '13.1' ಅಂತ ಧಿಮಾಕಿನಿಂದ ತೋರಿಸಿದಾಗಲೆಲ್ಲ ಸೈಕಲ್ ತಳ್ಳಿಕೊಂಡು ಹೋಗೋ ಆ ಮನುಷ್ಯ ನೆನಪಾಗ್ತಾನೆ.

ಇದನ್ನೆಲ್ಲ ಬೆಳಗಾವಿಯ ಗೆಳೆಯನ ಮುಂದೆ ಕೊಚ್ಚಿಕೊಳ್ತಿದ್ದೆ. ಆತ ಕಾಫಿ ಕಪ್ಪು ಕೆಳಗಿಟ್ಟು, 'ಅದೆಲ್ಲಾ ಇರ್ಲಿ ಮಾರಾಯಾ, ನಮ್ಮ ಚೌಗುಲೆ ಗೊತ್ತೇನು ನಿನಗ?' ಅಂದ. ಗೊತ್ತಿರಲಿಲ್ಲ, ನಾಚಿಕೆಯಾಯಿತು. ಫಡೆಪ್ಪ ದರೆಪ್ಪ ಚೌಗುಲೆ, ಬೆಳಗಾವಿಯವನು. ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ಹಳ್ಳಿ ಹುಡುಗರು ಬರಿಗಾಲಲ್ಲಿ ದೂರದ ಓಟ ಓಡೋದನ್ನು ನೋಡಿ ದೊರಾಬ್ಜಿ ಟಾಟಾ ದಂಗಾಗಿ, 1920ರ ಆಂಟ್ವರ್ಪ್ ಒಲಿಂಪಿಕ್ಸ್‌ಗೆ ಭಾರತದ ಮೊದಲ ತಂಡ ಕಳಿಸಿದರು. ಅದರಲ್ಲಿ ಚೌಗುಲೆ ಮ್ಯಾರಥಾನ್ ಓಡಿ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಹತ್ತೊಂಬತ್ತನೆಯವನಾಗಿ ಬಂದ. ಆ ವರ್ಷದ ದಾರಿ 42.75 ಕಿಲೋಮೀಟರ್, ಈಗಿನದಕ್ಕಿಂತ ಉದ್ದ. ಗೆದ್ದವನು ಫಿನ್ಲೆಂಡಿನ ಹಾನೆಸ್ ಕೊಲೆಮೈನೆನ್. ಅವನ ಕಥೆ ತೆಗೆದು ನೋಡಿದರೆ, 1912ರ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದ ಮೇಲೆ ಅಮೆರಿಕಕ್ಕೆ ಬಂದು ಬ್ರೂಕ್ಲಿನ್‌ನಲ್ಲಿ ಇಟ್ಟಿಗೆ ಕಟ್ಟೋ ಗಾರೆಕೆಲಸ ಮಾಡ್ಕೊಂಡಿದ್ದವನು! ಅಂದರೆ ಒಬ್ಬ ಬೆಳಗಾವಿಯವನೂ ಒಬ್ಬ ಬ್ರೂಕ್ಲಿನ್ ಗಾರೆಯವನೂ ಒಂದೇ ಗೆರೆಯ ಹಿಂದೆ ನಿಂತಿದ್ದರು. ಗೆಳೆಯ ಅವತ್ತು ಕಾಫಿ ದುಡ್ಡು ಕೊಡಲಿಲ್ಲ. ಕೇಳೋ ಧೈರ್ಯ ನನಗೂ ಆಗಲಿಲ್ಲ.

ಇನ್ನು ಅಮ್ಮನ ಮಾತು. ಎಪ್ಪತ್ತರ ದಶಕದಲ್ಲಿ ಅಮೆರಿಕಕ್ಕೆ ಓಟದ ಹುಚ್ಚು ಹಿಡಿಸಿದವರಲ್ಲಿ ಜಿಮ್ ಫಿಕ್ಸ್ ಒಬ್ಬ. ಹುಟ್ಟಿದ್ದು ನ್ಯೂಯಾರ್ಕಿನಲ್ಲಿ, ಇದ್ದದ್ದು ಪಕ್ಕದ ಕನೆಕ್ಟಿಕಟ್‌ನಲ್ಲಿ, ಪತ್ರಿಕೆಗಳಿಗೆ ಕೆಲಸ ಮಾಡಿದವನು. 1967ರಲ್ಲಿ ಓಡೋಕೆ ಶುರು ಮಾಡಿದಾಗ ದಿನಕ್ಕೆ ಎರಡು ಪ್ಯಾಕ್ ಸಿಗರೇಟು, ನೂರು ಕಿಲೋದ ಹತ್ತಿರ ತೂಕ. ಎರಡನ್ನೂ ಇಳಿಸಿದ. 1977ರಲ್ಲಿ ಬಂದ ಅವನ 'ದಿ ಕಂಪ್ಲೀಟ್ ಬುಕ್ ಆಫ್ ರನ್ನಿಂಗ್' ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾಯಿತು. ಅವನ ಅಪ್ಪನಿಗೆ 35ಕ್ಕೆ ಹಾರ್ಟ್ ಅಟ್ಯಾಕ್, 43ಕ್ಕೆ ಸಾವು. ಏರೋಬಿಕ್ಸ್‌ನ ಡಾ. ಕೆನೆತ್ ಕೂಪರ್ ತನ್ನ ಕ್ಲಿನಿಕ್ಕಿಗೆ ಬಂದಾಗ ಟ್ರೆಡ್‌ಮಿಲ್ ಟೆಸ್ಟ್ ಮಾಡಿಸ್ಕೋ ಅಂದರೆ ಫಿಕ್ಸ್ ಒಪ್ಪಲಿಲ್ಲ. 1984ರ ಜುಲೈ 20ರಂದು ವರ್ಮಾಂಟಿನ ಒಂದು ರಸ್ತೆಯಲ್ಲಿ ದಿನದ ಓಟದಲ್ಲೇ ಬಿದ್ದ. ಹೃದಯದ ಒಂದು ನಾಳ ಶೇಕಡಾ 95 ಕಟ್ಟಿಕೊಂಡಿತ್ತು.

ವಯಸ್ಸು? ಐವತ್ತೆರಡು.

ಆ ಅಂಕಿ ನೋಡಿದ ರಾತ್ರಿ ನಿದ್ದೆ ಬರಲಿಲ್ಲ. ಓಡಿದ್ದರಿಂದ ಸತ್ತ ಅನ್ನೋರು ಇದ್ದಾರೆ, ಓಡಿದ್ದರಿಂದಲೇ ಅಪ್ಪನಿಗಿಂತ ಒಂಬತ್ತು ವರ್ಷ ಹೆಚ್ಚು ಬದುಕಿದ ಅನ್ನೋರೂ ಇದ್ದಾರೆ. ನನಗೆ ಎರಡನೆಯದೇ ಸರಿ ಅನ್ನಿಸುತ್ತೆ, ಆದರೆ ಅದಲ್ಲ ವಿಷಯ. ಅಷ್ಟೆಲ್ಲ ತಿಳಿದವನು, ಲಕ್ಷಾಂತರ ಜನಕ್ಕೆ ತಿಳಿಸಿದವನು, ಆ ಒಂದು ಪರೀಕ್ಷೆಗೆ ಯಾಕೆ ಬೇಡ ಅಂದ? ಭಯ ಇರಬೇಕು. ನಾನೂ ಎರಡು ವರ್ಷದಿಂದ ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಅಡಿಗೆಮನೆಯ ಡ್ರಾಯರಿನಲ್ಲಿ, ಟೇಕ್‌ಔಟ್ ಮೆನುಗಳ ಅಡಿಗೆ ಇಟ್ಟಿದ್ದೆನಲ್ಲ. ಬೆಳಿಗ್ಗೆ ಎದ್ದು ಹುಡುಕಿ ತೆಗೆದು ಅಪಾಯಿಂಟ್‌ಮೆಂಟ್ ತಗೊಂಡೆ. ನನ್ನವಳು ಏನೂ ಹೇಳಲಿಲ್ಲ, ಮೆನುಗಳನ್ನು ಜೋಡಿಸಿ ವಾಪಸ್ ಇಟ್ಟಳು.

ಹಾಗಾಗಿ ನನ್ನ ಮೊದಲ ಗುಡ್ಡದ ಓಟ ನಡೆದದ್ದು ಒಂದು ಕಿಟಕಿಯಿಲ್ಲದ ಕೋಣೆಯಲ್ಲಿ. ಸಿಯಾಟಲ್‌ನ ರಾಬರ್ಟ್ ಬ್ರೂಸ್ ಅನ್ನೋ ಹೃದ್ರೋಗ ತಜ್ಞ 1963ರಲ್ಲಿ ಪ್ರಕಟಿಸಿದ ಕ್ರಮ ಅದು: ಮೂರು ಮೂರು ನಿಮಿಷಕ್ಕೆ ವೇಗವೂ ಏರುತ್ತೆ, ಏರೂ ಏರುತ್ತೆ. ಶುರುವಿಗೆ ಗಂಟೆಗೆ 1.7 ಮೈಲಿ, ನೂರಕ್ಕೆ ಹತ್ತರ ಏರು. ಹಸು ಮೇಯೋಕೆ ಹೋದ ಹಾಗೆ. ನಾಲ್ಕನೆಯ ಹಂತಕ್ಕೆ 4.2 ಮೈಲಿ, ಏರು ನೂರಕ್ಕೆ ಹದಿನಾರು. ಎದೆಗೆ ಅಂಟಿಸಿದ ತಂತಿಗಳು ಕುಣೀತಾ ಇದ್ದವು. ಒಬ್ಬ ನರ್ಸಮ್ಮ ಪಕ್ಕದಲ್ಲಿ ನಿಂತು 'ನಿಲ್ಲಿಸಬೇಕಾ?' ಅಂತ ಕೇಳ್ತಾನೇ ಇದ್ದರು. ವಾಷಿಂಗ್ಟನ್ ರಾಕ್‌ನ ನಾಯಿ ಅಜ್ಜನನ್ನು ಮನಸ್ಸಿನಲ್ಲಿ ಮುಂದೆ ಬಿಟ್ಟುಕೊಂಡು ಹತ್ತು ನಿಮಿಷ ನಲವತ್ತು ಸೆಕೆಂಡ್ ಎಳೆದೆ.

ವರದಿ ಚೆನ್ನಾಗಿತ್ತು. ಕೊಲೆಸ್ಟ್ರಾಲ್ ಚೆನ್ನಾಗಿರಲಿಲ್ಲ, ಮಾತ್ರೆ ಶುರುವಾಗಿದೆ. 'ಓಡಬಹುದು, ಎದೆ ಬಿಗಿದರೆ ನಿಲ್ಲಬೇಕು, ಹೀರೋ ಆಗಬೇಡಿ' ಅಂದರು ಡಾಕ್ಟರು. ಹೀರೋ ಆಗೋ ಅಪಾಯ ಅಷ್ಟಾಗಿ ಇಲ್ಲ. ಕಲಿತದ್ದಿಷ್ಟು: ಕಡಿದಾದ ಕಡೆ ಓಡೋದಕ್ಕಿಂತ ತೊಡೆಯ ಮೇಲೆ ಕೈ ಊರಿ ಬೀಸಾಗಿ ನಡೆದರೆ ವೇಗದಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ, ಉಸಿರಿನಲ್ಲಿ ಬಹಳ ವ್ಯತ್ಯಾಸ. ಏರಿನಲ್ಲಿ ಹೆಜ್ಜೆ ಚಿಕ್ಕದಿರಬೇಕು. ನಿಜವಾಗಿ ಕಾಲು ಮುರಿಯೋದು ಇಳಿಜಾರು. ಮೈಭಾರಕ್ಕೆ ತೊಡೆಯ ಸ್ನಾಯುಗಳು ಬ್ರೇಕ್ ಹಾಕ್ತಾ ಹಾಕ್ತಾ ಹಿಗ್ಗುತ್ತವೆ, ಎರಡು ದಿನ ಬಿಟ್ಟು ಮೆಟ್ಟಿಲು ಇಳಿಯುವಾಗ ಅದರ ಬಿಲ್ಲು ಬರುತ್ತೆ. ನಮ್ಮ ಮನೆಯಲ್ಲಿ ನಾನು ಹಿಮ್ಮುಖವಾಗಿ ಇಳಿಯೋದನ್ನು ಮಗಳು ವೀಡಿಯೋ ಮಾಡಿದ್ದಾಳೆ.

ಅಮ್ಮನಿಗೆ ರಿಪೋರ್ಟು ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, 'ಆ ಬೆಟ್ಟದಲ್ಲಿ ದೇವಸ್ಥಾನ ಇದ್ಯೇನೋ?' ಅಂದಳು. ಇಲ್ಲಮ್ಮ, ಗೋಪುರ ಇದೆ ಅಂದೆ. 'ಗೋಪುರ ಇದ್ದರೆ ಆಯ್ತು, ಮೇಲೆ ಹೋದ ಮೇಲೆ ಕೈ ಮುಗಿ' ಅಂದಳು. ಓಟಕ್ಕೆ ಇನ್ನು ಏಳು ವಾರ ಇದೆ. ನಾಳೆ ಶನಿವಾರ, ವಾಷಿಂಗ್ಟನ್ ರಾಕ್‌ಗೆ ಆರು ಸಲ ಹತ್ತಿ ಇಳಿಯೋದು ಅಂತ ಲೆಕ್ಕ.