ಕ್ಷಯದ ರೋಗಾಣುವನ್ನು ಗುರುತಿಸುವ ಕೆಂಪು ಬಣ್ಣ

ಸೂಕ್ಷ್ಮದರ್ಶಕ ಎಷ್ಟೇ ಶಕ್ತಿಯುತವಾಗಿದ್ದರೂ ಬಹುಪಾಲು ಜೀವಕೋಶಗಳು ಮತ್ತು ರೋಗಾಣುಗಳು ಅದರಡಿ ಸ್ಪಷ್ಟವಾಗಿ ಗೋಚರಿಸುವುದಿಲ್ಲ. ಅವು ಬಣ್ಣರಹಿತವಾಗಿ, ಪಾರದರ್ಶಕವಾಗಿರುವುದೇ ಇದಕ್ಕೆ ಕಾರಣ. ಈ ತೊಡಕಿನ ನಿವಾರಣೆಗೆ ಬಳಸುವ ರಾಸಾಯನಿಕ ಬಣ್ಣಗಳಿಗೆ ಪ್ರಯೋಗಾಲಯಗಳಲ್ಲಿ 'ಸ್ಟೇನ್' ಎನ್ನುತ್ತಾರೆ. ಕ್ಷಯರೋಗಿಗಳ ಕಫ ಪರೀಕ್ಷೆಯಲ್ಲಿ ಬಳಕೆಯಾಗುವ ಜೀಲ್-ನೀಲ್ಸನ್ ವಿಧಾನ ಇವುಗಳಲ್ಲಿ ಪ್ರಮುಖವಾದುದು.

ಹಿನ್ನೆಲೆ

ಕ್ಷಯಕ್ಕೆ ಕಾರಣವಾದ ಬ್ಯಾಕ್ಟೀರಿಯವನ್ನು ಪತ್ತೆಹಚ್ಚಿರುವುದಾಗಿ ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ಪ್ರಕಟಿಸಿದರು. ಮೆಥಿಲೀನ್ ಬ್ಲೂ ಬಳಸಿದ ಅವರ ವಿಧಾನ ದೀರ್ಘಾವಧಿಯದಾಗಿತ್ತು. ಒಮ್ಮೆ ಬಣ್ಣ ಹೀರಿದ ಈ ರೋಗಾಣು ಆಮ್ಲದಲ್ಲಿ ತೊಳೆದರೂ ಅದನ್ನು ಬಿಟ್ಟುಕೊಡುವುದಿಲ್ಲವೆಂದು ಅದೇ ವರ್ಷ ಪಾಲ್ ಎರ್ಲಿಕ್ ತೋರಿಸಿದರು. ಎರ್ಲಿಕ್ ಮುಂದೆ ಸ್ವತಃ ಕ್ಷಯಕ್ಕೆ ತುತ್ತಾಗಿ, ಈಜಿಪ್ಟ್‌ಗೆ ತೆರಳಿ ಚೇತರಿಸಿಕೊಂಡರು. ಫ್ರಾಂಜ್ ಜೀಲ್ ಬಣ್ಣದ ದ್ರಾವಣಕ್ಕೆ ಫೀನಾಲ್ ಬೆರೆಸಿದರೆ, ಫ್ರೆಡ್ರಿಕ್ ನೀಲ್ಸನ್ 1883ರಲ್ಲಿ ಫೀನಾಲ್ ಜತೆಗೆ ಬಟ್ಟೆಗೆ ಹಾಕುವ ಫುಕ್ಸಿನ್ ಎಂಬ ಕೆಂಪು ಬಣ್ಣವನ್ನು ಬಳಸಿದರು. ವಿಧಾನಕ್ಕೆ ಇವರಿಬ್ಬರ ಹೆಸರೇ ಉಳಿಯಿತು.

ಪರೀಕ್ಷೆಯ ಬಗೆ

ಗಾಜಿನ ಸ್ಲೈಡ್ ಮೇಲೆ ಕಫವನ್ನು ತೆಳುವಾಗಿ ಹರಡಿ, ಒಣಗಿಸಿ, ಕಾರ್ಬಾಲ್ ಫುಕ್ಸಿನ್ ಸುರಿದು ಆವಿ ಏಳುವವರೆಗೆ ಬಿಸಿ ಮಾಡಲಾಗುತ್ತದೆ, ಕುದಿಯಲು ಬಿಡುವುದಿಲ್ಲ. ಬಳಿಕ ಶೇ. 25ರ ಗಂಧಕಾಮ್ಲದಿಂದ ತೊಳೆದು, ಕೊನೆಯಲ್ಲಿ ಮೆಥಿಲೀನ್ ಬ್ಲೂ ಹಾಕುತ್ತಾರೆ. ಕ್ಷಯದ ರೋಗಾಣುವಿನ ಹೊರಕವಚದಲ್ಲಿ ಮೈಕೋಲಿಕ್ ಆಮ್ಲವೆಂಬ ಮೇಣದಂಥ ಕೊಬ್ಬಿನ ಪದಾರ್ಥವಿದೆ. ಬಿಸಿ ಮತ್ತು ಫೀನಾಲ್‌ಗಳ ನೆರವಿನಿಂದ ಒಳಸೇರಿದ ಕೆಂಪು ಬಣ್ಣ ಅಲ್ಲಿಯೇ ಉಳಿಯುತ್ತದೆ. ಉಳಿದ ಜೀವಕೋಶಗಳು ಕೆಂಪನ್ನು ಕಳೆದುಕೊಂಡು ನೀಲಿಯಾಗುತ್ತವೆ. ಹೀಗಾಗಿ 1000 ಪಟ್ಟು ಹಿಗ್ಗಿಸಿ ನೋಡಿದಾಗ ನೀಲಿ ಹಿನ್ನೆಲೆಯಲ್ಲಿ ರೋಗಾಣುಗಳು ಸಣ್ಣ ಕೆಂಪು ಕಡ್ಡಿಗಳಂತೆ ಕಾಣುತ್ತವೆ. ಕನಿಷ್ಠ 100 ದೃಷ್ಟಿಕ್ಷೇತ್ರಗಳನ್ನು ನೋಡದೆ 'ರೋಗಾಣು ಇಲ್ಲ' ಎಂದು ವರದಿ ನೀಡುವಂತಿಲ್ಲ.

ಬೆಂಗಳೂರಿನ ನಂಟು

1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಅಧ್ಯಯನಗಳು 1962ರ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮಕ್ಕೆ ತಳಹದಿಯಾದವು. ಕೆಮ್ಮಿನಿಂದ ನರಳುತ್ತ ತಾವಾಗಿಯೇ ಆಸ್ಪತ್ರೆಗೆ ಬರುವವರ ಕಫವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದು ಆ ಕಾರ್ಯಕ್ರಮದ ಮುಖ್ಯ ನೀತಿಯಾಗಿತ್ತು. ದುಬಾರಿ ಯಂತ್ರಗಳಿಲ್ಲದ ಗ್ರಾಮೀಣ ಆಸ್ಪತ್ರೆಗಳಲ್ಲಿಯೂ ಇದು ಸಾಧ್ಯವಿತ್ತು.

ಇತಿಮಿತಿ

ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ರೋಗಾಣುಗಳಾದರೂ ಇದ್ದಾಗ ಮಾತ್ರ ಅವು ಕಣ್ಣಿಗೆ ಬೀಳುತ್ತವೆ. ಆದ್ದರಿಂದ ಕಫದಲ್ಲಿ ರೋಗಾಣು ಕಾಣಲಿಲ್ಲವೆಂದರೆ ಕ್ಷಯ ಇಲ್ಲವೆಂದು ಅರ್ಥವಲ್ಲ. ಮಕ್ಕಳು ಹಾಗೂ ಎಚ್‌ಐವಿ ಸೋಂಕಿತರಲ್ಲಿ ರೋಗ ಕಣ್ತಪ್ಪುವ ಸಂಭವ ಹೆಚ್ಚು. ರೋಗಾಣು ಜೀವಂತವೇ, ಔಷಧಕ್ಕೆ ಬಗ್ಗುತ್ತದೆಯೇ ಎಂಬುದನ್ನೂ ಬಣ್ಣ ತಿಳಿಸಲಾರದು. ಈ ಕಾರಣದಿಂದ ಮೊದಲ ತಪಾಸಣೆಗೆ ರೋಗಾಣುವಿನ ಡಿಎನ್‌ಎ ಗುರುತಿಸುವ ಸಿಬಿನ್ಯಾಟ್, ಟ್ರೂನ್ಯಾಟ್‌ನಂಥ ಪರೀಕ್ಷೆಗಳಿಗೆ ಈಗ ಆದ್ಯತೆ ನೀಡಲಾಗುತ್ತಿದೆ.

ಆದರೂ ಹಳೆಯ ವಿಧಾನ ಮೂಲೆಗುಂಪಾಗಿಲ್ಲ. ಸತ್ತ ರೋಗಾಣುವಿನ ಡಿಎನ್‌ಎ ಕೂಡ ಹೊಸ ಪರೀಕ್ಷೆಯಲ್ಲಿ ಪತ್ತೆಯಾಗುವುದರಿಂದ, ಚಿಕಿತ್ಸೆ ಫಲಿಸುತ್ತಿದೆಯೇ ಎಂದು ತಿಳಿಯಲು ಅದು ಸೂಕ್ತವಲ್ಲ. ವಾರಗಳು ಕಳೆದಂತೆ ಸ್ಲೈಡ್‌ನಲ್ಲಿ ಕೆಂಪು ಕಡ್ಡಿಗಳು ಕಡಿಮೆಯಾಗುತ್ತ ಹೋಗುವುದು ರೋಗಿ ಗುಣಮುಖನಾಗುತ್ತಿರುವುದರ ಸೂಚನೆಯಾಗಿ ಇಂದಿಗೂ ಉಪಯುಕ್ತವಾಗಿದೆ.